ಎರಡು ಗುಳಿಯ ತಟ್ಟೆ

ಬುಧವಾರ ಮಧ್ಯಾಹ್ನ, ಬೀದಿಯವರೆಲ್ಲ ಕೂದಲೆಳೆ ಎಂದು ಕರೆಯುವ ಹೆಂಗಸು, ಕೋಟಿನ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು, ಯಾರದೋ ಮನೆಯಿಂದ ಕದ್ದು ತಂದವಳ ಹಾಗೆ, ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಟೈಲರಮ್ಮನ ಮನೆಗೆ ಹೊರಟಳು. ಬಟ್ಟೆ ಅವಳದ್ದೇ, ಅವಳ ಸಂಬಳದಲ್ಲೇ ಕೊಂಡದ್ದು. ಆದರೆ ಆ ಕೋಟು ಬೇಕಾಗಿದ್ದದ್ದು ಬೇರೆ ಊರಿನ ಚಳಿಗೆ. ಆ ಊರಿಗೆ ಹೋಗುವ ವಿಷಯವನ್ನು ಅವಳು ಅಂಗಡಿಯ ಯಜಮಾನರಿಗೆ ಇನ್ನೂ ಹೇಳಿರಲಿಲ್ಲ.

ಕೂದಲೆಳೆ ಎಂಬುದು ಆ ಯಜಮಾನರೇ ಇಟ್ಟ ಹೆಸರು. ಹತ್ತೊಂಬತ್ತು ವರ್ಷದ ಹಿಂದೆ ಅವರ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಗಿರಾಕಿಯೊಬ್ಬರ ಮುಖ ನೋಡಿ, "ಕನ್ನಡಕ ಕೂದಲೆಳೆಯಷ್ಟು ಎಡಕ್ಕೆ ವಾಲಿದೆ ಸಾರ್" ಎಂದಿದ್ದಳು. ಯಜಮಾನರು ಅಳತೆಪಟ್ಟಿ ಹಿಡಿದು ನೋಡಿದರು. ವಾಲಿತ್ತು. ಅಂದಿನಿಂದ ಬೀದಿಯವರಿಗೆಲ್ಲ ಅವಳು ಕೂದಲೆಳೆಯೇ ಆಗಿಬಿಟ್ಟಳು. ಅವಳ ನಿಜವಾದ ಹೆಸರಿನ ಕಾಗದ ಬಂದರೆ ಅಂಚೆಯವರು ಕೂಡ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು.

ಅವರು ಹಾಗೆ ಯೋಚಿಸಿ ಹೋದ ವಾರ ಕೊಟ್ಟುಹೋದ ಕಾಗದವೇ ಇಷ್ಟಕ್ಕೂ ಮೂಲ. ರೈಲಿನಲ್ಲಿ ಒಂದು ಹಗಲಿನ ದೂರದಲ್ಲಿ ಒಂದು ದೊಡ್ಡ ನಗರ. ಅಲ್ಲಿ ತೀರಾ ಕಡಿಮೆ ಕಾಣಿಸುವವರಿಗಾಗಿ ವಿಶೇಷ ಕನ್ನಡಕ ಮಾಡುವ ಕಾರ್ಯಾಗಾರವಿತ್ತು. ಅಲ್ಲಿಂದ ಕೆಲಸಕ್ಕೆ ಕರೆ ಬಂದಿತ್ತು. ಬರುತ್ತೀರೋ ಇಲ್ಲವೋ ಶನಿವಾರದೊಳಗೆ ಉತ್ತರ ಹಾಕಿ ಎಂದು ಬರೆದಿದ್ದರು.

ಅವಳಿಗೆ ಹೋಗಬೇಕೆನಿಸಿತ್ತು. ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದಕ್ಕೆ ಎರಡು ವರ್ಷ ಹಿಡಿದಿತ್ತು. ಊರು ಕೆಟ್ಟದ್ದೇನಲ್ಲ. ಬ್ರೆಡ್ಡಿನ ಅಂಗಡಿಯವರು ಅವಳಿಗೆ ಇಷ್ಟವೆಂದು ಅಂಚು ಸ್ವಲ್ಪ ಕಪ್ಪಾದ ಬ್ರೆಡ್ಡನ್ನು ಬೇರೆ ತೆಗೆದಿಡುತ್ತಿದ್ದರು. ಮುಚ್ಚುವ ಹೊತ್ತು ಮೀರಿದರೂ ಅವಳು ಓದುತ್ತಿದ್ದ ಪುಟ ಮುಗಿಯುವ ತನಕ ಗ್ರಂಥಾಲಯದವರು ದೀಪ ಆರಿಸುತ್ತಿರಲಿಲ್ಲ. ಆದರೆ ಆ ಗ್ರಂಥಾಲಯದಲ್ಲಿ ಅವಳು ಓದದೆ ಬಿಟ್ಟ ಪುಸ್ತಕ ಈಗ ಉಳಿದಿರಲಿಲ್ಲ. ಅಂಗಡಿಯಲ್ಲಿ ಕಲಿಯುವುದು ಮುಗಿದು ಹನ್ನೊಂದು ವರ್ಷವಾಗಿತ್ತು, ಉಳಿದದ್ದು ಬರೀ ಮಾಡುವುದು. ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಅವರೇನು ಕೇಳುತ್ತಾರೆ, ತಾನೇನು ಹೇಳುತ್ತೇನೆ, ಹೋಗುವಾಗ ಯಾವ ತಮಾಷೆ ಮಾಡುತ್ತಾರೆ, ಎಲ್ಲ ಮೊದಲೇ ಗೊತ್ತಿರುತ್ತಿತ್ತು. ಈಚೀಚೆಗೆ ಅವಳು ಒಳ್ಳೆಯ ಜನರ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತಿದ್ದಳು. ಸಿಡುಕಿದ ಮೇಲೆ ತನ್ನನ್ನು ಕಂಡರೆ ತನಗೇ ಆಗುತ್ತಿರಲಿಲ್ಲ. ಬೆಳೆದ ಮಗುವಿಗೆ ಹೋದ ವರ್ಷದ ಅಂಗಿ ತೊಡಿಸಿದರೆ ಕಂಕುಳಲ್ಲಿ ಬಿಗಿಯುತ್ತದಲ್ಲ, ಊರು ಅವಳಿಗೆ ಹಾಗೆ ಬಿಗಿಯುತ್ತಿತ್ತು. ಅಂಗಿಯ ತಪ್ಪೇನೂ ಇಲ್ಲ, ನಿಜ. ಆದರೆ ತೊಟ್ಟವರಿಗೆ ಕೈ ಎತ್ತಲಾಗುವುದಿಲ್ಲ.

ಅಕ್ಕನಿಗೆ ಮಾತ್ರ ಹೇಳಿದ್ದಳು. ಅಕ್ಕ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡುವವಳು, ಭಾವ ತೀರಿಕೊಂಡ ಮೇಲೆ ಇಬ್ಬರೂ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದರು. ಅಕ್ಕ ಅಳುತ್ತಾಳೆ, ಒಬ್ಬಳೇ ಹೇಗಿರಲಿ ಅನ್ನುತ್ತಾಳೆ ಎಂದು ಕೂದಲೆಳೆ ಒಂದು ರಾಶಿ ಸಮಜಾಯಿಷಿ ಹೊಂದಿಸಿಕೊಂಡು ಹೋಗಿದ್ದಳು. ಒಂದೂ ಬೇಕಾಗಲಿಲ್ಲ. ಅಕ್ಕ ಮಡಚುತ್ತಿದ್ದ ಟವೆಲನ್ನು ಮಡಚಿ ಮುಗಿಸಿ, ಹೋಗು, ನಿನಗೆ ಊರು ಸಾಲದು ಅನ್ನೋದು ನಿನ್ನ ನಿಟ್ಟುಸಿರು ಕೇಳಿದ ಪಕ್ಕದ ಮನೆಯವರಿಗೂ ಗೊತ್ತು, ಅಂದುಬಿಟ್ಟಳು. ಮರುದಿನದಿಂದ ಸಣ್ಣ ಪಾತ್ರೆಯಲ್ಲಿ ಅಡುಗೆಗೆ ಇಟ್ಟಳು. ಅದು ಇಬ್ಬರಿಗೆ ಸಾಲುತ್ತಿರಲಿಲ್ಲ. ಕೇಳಿದರೆ, ಒಬ್ಬರ ಅಳತೆಗೆ ಕೈ ಈಗಲೇ ಪಳಗಲಿ ಎನ್ನುತ್ತಿದ್ದಳು. ಹೀಗೆ ಒಂದು ವಾರದಿಂದ ಅಕ್ಕತಂಗಿಯರಿಬ್ಬರೂ ಅರೆಹೊಟ್ಟೆಯಲ್ಲಿ ಮಲಗುತ್ತಿದ್ದರು. ಬೇಡ ಎಂದು ಒಬ್ಬರಾದರೂ ಅಡ್ಡ ನಿಂತಿದ್ದರೆ ಜಗಳವಾಡಿಕೊಂಡಾದರೂ ಹೋಗಬಹುದಿತ್ತು ಎಂದು ಕೂದಲೆಳೆಗೆ ಅನಿಸುತ್ತಿತ್ತು. ಎಲ್ಲರೂ ದಾರಿ ಬಿಟ್ಟು ನಿಂತರೆ ನಡೆಯುವವರ ಕಾಲೇ ಭಾರವಾಗುತ್ತದೆ.

ಟೈಲರಮ್ಮನಿಗೆ ಅರವತ್ತೇಳು ವರ್ಷ. ಬೀದಿಯ ಅರ್ಧ ಜನರ ಭುಜದ ಅಳತೆ ಅವರಿಗೆ ಬಾಯಿಪಾಠ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ, ಕಿಟಕಿಯ ಬೆಳಕು ಸೂಜಿಯ ಮೇಲೇ ಬೀಳುವಂತೆ ಹೊಲಿಗೆ ಮೆಷಿನನ್ನು ಇಟ್ಟುಕೊಂಡಿದ್ದರು. ಆ ಮಧ್ಯಾಹ್ನ ಒಳಗೆ ಕಾಲಿಟ್ಟ ಕೂದಲೆಳೆಗೆ ಮೊದಲು ಕಂಡದ್ದು ಮೆಷಿನಿನ ಮೇಲೆ ಹೊದಿಸಿದ್ದ ಹಳೆಯ ಚಾದರ. ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲ ಒಂದು ಬಿಸ್ಕತ್ತಿನ ಡಬ್ಬಿ ಸೇರಿದ್ದವು. ಡಬ್ಬಿಗೆ ದಾರ ಕಟ್ಟಿತ್ತು.

"ಹೊಲಿಗೆ ಬಿಟ್ಟೆ ನಾನು. ಕಣ್ಣು ಹೋಯ್ತು," ಎಂದರು ಟೈಲರಮ್ಮ, ಹಾಲು ಒಡೆದುಹೋಯಿತು ಎನ್ನುವಷ್ಟೇ ಸಲೀಸಾಗಿ. "ಶನಿವಾರ ಶಾಲೆಯವರು ಬಂದು ಮೆಷಿನ್ ತಗೊಂಡು ಹೋಗ್ತಾರೆ. ಮಕ್ಕಳಾದ್ರೂ ಕಲೀಲಿ."

ಯಾವಾಗಿನಿಂದ ಹೀಗೆ ಎಂದು ಕೇಳಿದರೆ, ಆರು ವಾರದಿಂದ ಎಂದರು. ಸೂಜಿ ಎರಡಾಗಿ ಕಾಣುತ್ತದಂತೆ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದಂತೆ. ಮೆಟ್ಟಿಲು ಇರುವ ಕಡೆ ಇರುವುದಿಲ್ಲವಂತೆ, ಇಲ್ಲದ ಕಡೆ ಇರುತ್ತದಂತೆ. ಹಾಗೆ ತಪ್ಪಿ ಹೆಜ್ಜೆಯಿಟ್ಟು ಬಿದ್ದದ್ದಕ್ಕೆ ಸಾಕ್ಷಿಯಾಗಿ ಮೊಣಕಾಲಿನ ಕೆಳಗೆ ಹಳದಿಗೆ ತಿರುಗುತ್ತಿದ್ದ ಏಟಿನ ಕಲೆ ತೋರಿಸಿದರು. ಕೊನೆಯ ಕೆಲಸವೆಂದರೆ ಅಂಚೆಯವರ ಜಾಕೆಟ್ಟು. ಒಂದು ತೋಳು ಸೊಟ್ಟ ಕೂತಿತ್ತು, ಮೂರು ಸಲ ಬಿಚ್ಚಿ ಹೊಲಿದರೂ ಸೊಟ್ಟ. ಪುಣ್ಯಾತ್ಮರು ಅದನ್ನೇ ಹಾಕಿಕೊಂಡು, ಈಗ ಇದೇ ಫ್ಯಾಷನ್ ಅಮ್ಮ ಎಂದು ನಗುತ್ತಾ ಹೋದರು. ಅವರು ಬೈದಿದ್ದರೆ ಇನ್ನೊಂದಷ್ಟು ದಿನ ಹೊಲಿಯುತ್ತಿದ್ದೆನೇನೋ, ನಕ್ಕರಲ್ಲ, ಆವತ್ತೇ ಡಬ್ಬಿ ಕಟ್ಟಿದೆ, ಎಂದರು ಟೈಲರಮ್ಮ.

"ಕನ್ನಡಕ ತೋರಿಸೋಕೆ ಅಂಗಡಿಗೆ ಬರಬಾರದಿತ್ತಾ ಅಮ್ಮ?"

"ಕನ್ನಡಕಕ್ಕೇನಾಗಿದೆ? ನೀನು ಮಾಡಿದ್ದು. ನೀನು ತಪ್ಪೋದಕ್ಕಿಂತ ನನ್ನ ಕಣ್ಣು ತಪ್ಪೋದು ಸುಲಭ." ಆಮೇಲೆ ಸ್ವಲ್ಪ ದನಿ ತಗ್ಗಿಸಿ ಹೇಳಿದರು: "ನಿಮ್ಮ ಯಜಮಾನರು ಪರೀಕ್ಷೆ ಮಾಡಿ, ಇನ್ನು ಹತ್ತು ವರ್ಷ ಯೋಚನೆ ಇಲ್ಲ ಅಂದಿದ್ರು. ಒಂದೂವರೆ ತಿಂಗಳಿಗೇ ಹೋಗಿ ಇಲ್ಲ ಅಂದ್ರೆ ಅವರಿಗೆ ಹೇಗಾಗಬೇಡ, ಪಾಪ."

ಕೂದಲೆಳೆ ಅವರ ಮುಖವನ್ನೇ ನೋಡುತ್ತಿದ್ದಳು. ಕನ್ನಡಕ ನೆಟ್ಟಗಿತ್ತು. ತಲೆ ವಾಲಿತ್ತು. ಗೋಡೆಯ ಮೇಲಿನ ಚಿತ್ರ ಸೊಟ್ಟವಿದ್ದರೆ ನಾವು ಕತ್ತು ಓರೆ ಮಾಡಿ ನೋಡುತ್ತೇವಲ್ಲ, ಹಾಗೆ ಟೈಲರಮ್ಮ ಇಡೀ ಜಗತ್ತನ್ನು ಕತ್ತು ಓರೆ ಮಾಡಿ ನೋಡುತ್ತಿದ್ದರು. ಅವಳು ಕನ್ನಡಕಕ್ಕೆ ಕೈ ಚಾಚಿದಳು.

"ಸ್ಕ್ರೂ ಸಡಿಲ ಆಗಿರೋ ಹಾಗಿದೆ ಅಮ್ಮ. ಕೊಡಿ, ಬಿಗಿ ಮಾಡಿ ತಂದ್ಕೊಡ್ತೀನಿ."

ಸ್ಕ್ರೂ ಸಡಿಲವಾಗಿರಲಿಲ್ಲ. ಅವರು ಕನ್ನಡಕ ತೆಗೆದುಕೊಟ್ಟು, ಕಂಕುಳಲ್ಲಿ ಅದೇನು ಎಂದು ಕೇಳಿದರು. ಅಕ್ಕನ ಬಟ್ಟೆ ಎಂದಳು. ಒಂದೇ ಉಸಿರಿನಲ್ಲಿ ಎರಡು ಸುಳ್ಳು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಊಟಕ್ಕೆ ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಬರುವ ಹೊತ್ತು. ಕೂದಲೆಳೆ ಗಾಜಿನ ನಂಬರ್ ನೋಡುವ ಯಂತ್ರದ ಕೆಳಗೆ ಕನ್ನಡಕ ಇಟ್ಟು ಕಣ್ಣು ಹಚ್ಚಿದಳು. ಚೀಟಿಗಳ ಕಂತೆಯಿಂದ ಟೈಲರಮ್ಮನ ಚೀಟಿ ಹುಡುಕಿ ತೆಗೆದಳು. ಒಂದು ಕಣ್ಣಿಗೆ ಒಂದೂವರೆ, ಇನ್ನೊಂದಕ್ಕೆ ನಾಲ್ಕು. ಎಡಗಣ್ಣಿನ ಗಾಜು ಬಲಕ್ಕೆ, ಬಲಗಣ್ಣಿನದು ಎಡಕ್ಕೆ ಕೂತಿತ್ತು.

ಹೇಗಾಯಿತು ಎಂದು ಅವಳು ಯೋಚಿಸಬೇಕಾಗಲಿಲ್ಲ.

ಆ ಅಂಗಡಿಯಲ್ಲಿ ಪ್ರತಿ ಗಿರಾಕಿಯ ಎರಡು ಗಾಜುಗಳನ್ನೂ ಎರಡು ಗುಳಿಯ ಒಂದು ಪುಟ್ಟ ಮರದ ತಟ್ಟೆಯಲ್ಲಿ ಇಡುತ್ತಿದ್ದರು. ಬಲಗಣ್ಣಿನದು ಬಲ ಗುಳಿಯಲ್ಲಿ, ಎಡಗಣ್ಣಿನದು ಎಡ ಗುಳಿಯಲ್ಲಿ. ಚೀಟಿಯ ಮೇಲೂ ಅದೇ ಕ್ರಮ, ಬಲಗಡೆಯ ಅಂಕಿ ಬಲಗಣ್ಣಿಗೆ. ಬಲ, ಎಡ ಎಂದು ಬರೆಯುವ ಪದ್ಧತಿಯೇ ಇಲ್ಲ. ಓದುವವರು ಇಬ್ಬರೇ, ಅವರಿಬ್ಬರಿಗೂ ಗೊತ್ತು. ಅವಳು ಸೇರಿದ ದಿನ ಯಜಮಾನರು ಕಲಿಸಿದ್ದು ಅದನ್ನೇ: ಕನ್ನಡಕವನ್ನು ಹಾಕಿಕೊಳ್ಳುವವರ ಕಡೆಯಿಂದ ನೋಡಬೇಕು. ನಾವು ಅವರ ಮುಖ ನೋಡುವುದು ಮುಖ್ಯವಲ್ಲ, ಅವರು ಹೊರಗೆ ನೋಡುವುದು ಮುಖ್ಯ.

ದೊಡ್ಡ ನಗರದ ಕಾರ್ಯಾಗಾರದಲ್ಲಿ ಹಾಗಲ್ಲ. ಅಲ್ಲಿ ಗಿರಾಕಿಯ ಮುಖಕ್ಕೆ ಎದುರಾಗಿ ನಿಂತವರ ಲೆಕ್ಕ, ಆದ್ದರಿಂದ ಬಲಗಣ್ಣಿನದು ಎಡಗಡೆ. ಬೇರೆ ಕಡೆಗಳಲ್ಲೆಲ್ಲ ಅದೇ ರೂಢಿ ಎಂದು ಅವರು ಬರೆದಿದ್ದರು. ಎರಡು ತಿಂಗಳ ಹಿಂದೆ ಅವಳ ಕೈಕೆಲಸ ಪರೀಕ್ಷಿಸಲು ಹದಿನಾಲ್ಕು ಜೊತೆ ಗಾಜುಗಳನ್ನು ನೀಲಿ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಕಳಿಸಿದ್ದರು. ಅವುಗಳನ್ನು ಕತ್ತರಿಸಿ, ಸಾಣೆ ಹಿಡಿದು, ಚೌಕಟ್ಟಿಗೆ ಕೂರಿಸಿ ವಾಪಸು ಕಳಿಸಬೇಕು. ಯಜಮಾನರು ಊಟಕ್ಕೆ ಹೋದಾಗ, ಅವರದೇ ಸಾಣೆಚಕ್ರದ ಮೇಲೆ, ಒಂಬತ್ತು ಮಧ್ಯಾಹ್ನ ಅವಳು ಗುಟ್ಟಾಗಿ ಆ ಕೆಲಸ ಮಾಡಿದ್ದಳು. ಎಡ ಗುಳಿಯಿಂದ ಬಲಗಣ್ಣು, ಬಲ ಗುಳಿಯಿಂದ ಎಡಗಣ್ಣು. ಮೊದಲೆರಡು ದಿನ ಕೈ ತಡವರಿಸಿತು. ಆಮೇಲೆ ಚೆನ್ನಾಗಿ ಪಳಗಿತು. ಹತ್ತನೆಯ ದಿನ ಟೈಲರಮ್ಮನ ಕನ್ನಡಕ ಮಾಡಿದಳು. ಕೈ ಹೊಸ ಊರಿನ ಲೆಕ್ಕದಲ್ಲೇ ಗಾಜು ಎತ್ತಿಕೊಂಡಿತು, ಕಣ್ಣು ಹೊಸ ಊರಿನ ಲೆಕ್ಕದಲ್ಲೇ ಚೀಟಿ ಓದಿತು, ತಾಳೆ ಹಾಕಿ ನೋಡಿದಾಗ ಎಲ್ಲ ಸರಿಹೋಯಿತು. ಮೊದಲೆಲ್ಲ ಯಜಮಾನರು ಪ್ರತಿ ಕನ್ನಡಕವನ್ನೂ ತಾವೊಮ್ಮೆ ಪರೀಕ್ಷಿಸಿಯೇ ಕೊಡುತ್ತಿದ್ದರು. ನೀನು ನೋಡಿದ ಮೇಲೆ ನಾನೇನು ನೋಡೋದು ಎಂದು ಅದನ್ನು ಬಿಟ್ಟು ಆರೇಳು ವರ್ಷವಾಗಿತ್ತು.

ಅವಳು ಆ ದಿನಗಳ ಚೀಟಿಗಳನ್ನೆಲ್ಲ ಎಳೆದು ಹಾಕಿ ನೋಡಿದಳು. ಆ ಹತ್ತನೆಯ ದಿನ ಮಾಡಿದ್ದು ಮೂರು ಕನ್ನಡಕ. ಉಳಿದೆರಡರಲ್ಲಿ ಎರಡು ಕಣ್ಣಿಗೂ ಒಂದೇ ನಂಬರ್. ಹನ್ನೊಂದನೆಯ ದಿನದಿಂದ ಕೈ ಮತ್ತೆ ಹಳೆಯ ದಾರಿಗೆ ಬಂದಿತ್ತು. ಕೆಟ್ಟದ್ದು ಟೈಲರಮ್ಮನದೊಂದೇ.

ಒಂದೇ. ಹಾಗೆಂದುಕೊಂಡ ಕೂಡಲೇ ಅವಳ ತಲೆಯಲ್ಲಿ ಒಂದು ಸುಲಭದ ದಾರಿ ತೆರೆದುಕೊಂಡಿತು. ಒಳಗೆ ಬೇಕಾದ ನಂಬರಿನ ಗಾಜು ಇದೆ. ಯಜಮಾನರು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿದೆ. ಹೊಸದಾಗಿ ಕೂರಿಸಿ, ಸ್ಕ್ರೂ ಬಿಗಿ ಮಾಡಿದೆ ಅಮ್ಮ, ಈಗ ನೋಡಿ ಎಂದರೆ ಟೈಲರಮ್ಮ ಊರೆಲ್ಲ ಹೊಗಳಿಕೊಂಡು ತಿರುಗುತ್ತಾರೆ. ಸ್ಕ್ರೂ ಎಂಬ ಮಾತು ಅಲ್ಲಿ ಬಾಯಿಗೆ ಬಂದದ್ದೇ ಇದಕ್ಕೋಸ್ಕರ ಎಂದು ಅವಳಿಗೆ ಈಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಯಾಗುತ್ತಲೇ ಇದ್ದರೂ ಗಾಜುಗಳನ್ನು ತಂದು ಮರದ ತಟ್ಟೆಯಲ್ಲಿಟ್ಟು, ಸಾಣೆಚಕ್ರದ ಮುಂದೆ ಕೂತಳು. ಬಲಗಣ್ಣಿನ ಗಾಜಿಗೆ ಕೈ ಚಾಚಿದಳು.

ಕೈ ಎಡ ಗುಳಿಯ ಮೇಲೆ ಹೋಗಿ ನಿಂತಿತ್ತು.

ತೆಗೆದು ಮತ್ತೆ ಚಾಚಿದಳು. ಈಗ ಯಾವುದು ಸರಿ, ಯಾವುದು ತಪ್ಪು ಎಂಬುದೇ ಕಲಸಿಹೋಯಿತು. ಚೀಟಿ ನೋಡಿದರೆ ಅಂಕಿಗಳೂ ಪಕ್ಷ ಬದಲಾಯಿಸುವ ಹಾಗೆ ಕಂಡವು. ಕಣ್ಣು ಮುಚ್ಚಿಕೊಂಡು ಗಾಜು ಕತ್ತರಿಸುತ್ತಾಳೆ ಎಂದು ಬೀದಿಯವರಿಂದ ಹೊಗಳಿಸಿಕೊಂಡವಳು ಎರಡು ಗುಳಿಯ ತಟ್ಟೆಯ ಮುಂದೆ ಕೈ ಮಡಿಚಿಕೊಂಡು ಕೂತಳು.

ಯಜಮಾನರು ಬಂದು ಕೊಡೆ ಮೂಲೆಗಿಟ್ಟು, ಅವಳು ಹಾಗೆ ಕೂತದ್ದನ್ನು ನೋಡಿ, ಜ್ವರವೇನೋ ಎಂದು ಮೊದಲು ಹಣೆ ನೋಡಿದರು.

"ಸಾರ್, ಇದರಲ್ಲಿ ಬಲಗಣ್ಣಿನದು ಯಾವುದು ಅಂತ ನೀವೊಂದು ಸಲ ನೋಡಿ ಹೇಳ್ತೀರಾ?"

ಅದು ಅವಳು ಸೇರಿದ ಮೊದಲ ತಿಂಗಳಲ್ಲಿ ಕೇಳುತ್ತಿದ್ದ ಪ್ರಶ್ನೆ. ಯಜಮಾನರು ಸ್ಟೂಲು ಎಳೆದುಕೊಂಡು ಕೂತರು. ಅವಳು ಎಲ್ಲ ಹೇಳಿದಳು. ಕಾಗದ, ಶನಿವಾರದ ಗಡುವು, ನೀಲಿ ತಟ್ಟೆಗಳು, ಟೈಲರಮ್ಮನ ಮೊಣಕಾಲಿನ ಏಟು, ದಾರ ಕಟ್ಟಿದ ಬಿಸ್ಕತ್ತಿನ ಡಬ್ಬಿ, ಕೊನೆಗೆ ಸ್ಕ್ರೂವಿನ ಸುಳ್ಳು. ಹೇಳುವಾಗ ಅವರ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಅವರ ಕೈಗಳನ್ನು ನೋಡಿದಳು. ಆ ಕೈ ಈಗ ನಡುಗುತ್ತಿತ್ತು, ಗಾಜನ್ನು ಚಕ್ರಕ್ಕೆ ಹಿಡಿಯದೆ ನಾಲ್ಕು ವರ್ಷವಾಗಿತ್ತು. ತಾನು ಹೋದರೆ ಇಲ್ಲಿ ಸಾಣೆ ಹಿಡಿಯುವವರು ಯಾರೂ ಇಲ್ಲ ಎಂಬುದನ್ನು ಇಬ್ಬರೂ ಬಲ್ಲರು.

"ಆ ಮಧ್ಯಾಹ್ನಗಳ ಕೆಲಸ ಗೊತ್ತು," ಎಂದರು ಯಜಮಾನರು.

ಅವಳು ತಲೆಯೆತ್ತಿದಳು.

"ಸಾಣೆ ತೊಟ್ಟಿಯ ನೀರು ನಾವು ಬದಲಾಯಿಸೋದು ಸಾಯಂಕಾಲ. ಆಗ ಒಂಬತ್ತು ದಿನ ಊಟ ಮುಗಿಸ್ಕೊಂಡು ಬಂದ್ರೆ, ಬೆಳಗಿನ ಗಾಜಿನ ಪುಡಿ ಇರಬೇಕಾದ ತೊಟ್ಟಿ ತುಂಬ ತಿಳಿ ನೀರು. ಇಷ್ಟು ಚೊಕ್ಕಟವಾಗಿ ಕಳ್ಳತನ ಮಾಡೋರನ್ನ ನಾನು ನೋಡಿಲ್ಲಮ್ಮ." ಅವರು ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. "ನಿನಗೆ ಹೊತ್ತು ಸಾಲದೇನೋ ಅಂತ ಅರ್ಧ ಗಂಟೆ ತಡ ಮಾಡ್ಕೊಂಡು ಬರ್ತಿದ್ದೆ. ಪಾರ್ಕಿನ ಬೆಂಚಿನ ಮೇಲೆ ಕೂತು ಕೂತು ಬೆನ್ನು ಹಿಡ್ಕೊಂಡುಬಿಡ್ತು. ನೀನು ಇನ್ನೆರಡು ದಿನ ಎಳೆದಿದ್ರೆ ನಾನೇ ಬಂದು ಮುಗಿಸಿಕೊಡ್ತಿದ್ದೆ."

ಕೂದಲೆಳೆಗೆ ನಗು ಬರಲಿಲ್ಲ. ಆ ಒಂಬತ್ತು ದಿನ ತಾನು ಬೀದಿಯ ಹೆಜ್ಜೆ ಸದ್ದಿಗೆ ಕಿವಿಗೊಟ್ಟು ಬೆದರುತ್ತಿದ್ದಾಗ, ಇವರು ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ನಾನು ಎಲ್ಲೂ ಹೋಗುವುದಿಲ್ಲ ಸಾರ್ ಎಂದಳು. ಆಡಿದ ಮೇಲೆ ಆ ಮಾತು ಎಷ್ಟು ಹಗುರವಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಉಳಿದುಬಿಟ್ಟರೆ ಎಲ್ಲ ತೀರುತ್ತದೆ, ಮತ್ತೆ ಯಾರ ಮುಖವನ್ನಾದರೂ ನೋಡಬಹುದು.

ಯಜಮಾನರು ಒರೆಸುವುದನ್ನು ನಿಲ್ಲಿಸಲಿಲ್ಲ. ಗಾಜು ಆಗಲೇ ಚೊಕ್ಕಟವಾಗಿತ್ತು.

"ಇಲ್ಲಿರಬೇಕು ಅನ್ನಿಸಿದ್ರೆ ಇರು. ನನಗಿಂತ ಖುಷಿ ಪಡೋರು ಯಾರಿದ್ದಾರೆ? ಆದರೆ ತಪ್ಪಿಗೆ ದಂಡ ಅಂತ ಇರಬೇಡ. ಟೈಲರಮ್ಮನಿಗೇನು ಬಂತು ಅದರಿಂದ? ನೀನು ದಿನಾ ಅವರ ಮುಂದೆ ತಲೆ ತಗ್ಗಿಸಿಕೊಂಡು ಓಡಾಡ್ತೀಯ, ನಾನು ದಿನಾ ಬೆಳಗಾದ್ರೆ ನಿನ್ನ ಸಪ್ಪೆ ಮುಖ ನೋಡಬೇಕು. ತಪ್ಪು ಬೇರೆ, ಊರು ಬೇರೆ. ಎರಡನ್ನೂ ಒಂದೇ ಗುಳಿಗೆ ಹಾಕಬೇಡ."

ಆಮೇಲೆ ಅವರು ಚೀಟಿ ಎಳೆದುಕೊಂಡು, ಒಂದು ಅಂಕಿಯ ಕೆಳಗೆ ಬಲ ಎಂದೂ ಇನ್ನೊಂದರ ಕೆಳಗೆ ಎಡ ಎಂದೂ ಬರೆದರು. ಮೂವತ್ತೈದು ವರ್ಷ ಇಷ್ಟು ಬರೆಯುವುದಕ್ಕೆ ಸೋಮಾರಿತನ ಮಾಡಿದವನು ನಾನು, ತಪ್ಪಿನಲ್ಲಿ ನನ್ನದೂ ಒಂದು ಪಾಲು ಇಟ್ಟುಕೋ ಎಂದರು. ಎರಡು ಗಾಜುಗಳನ್ನೂ ಒಂದೊಂದಾಗಿ ಅವಳ ಕೈಗೆ ಕೊಟ್ಟರು. ಅವಳು ಸಾಣೆ ಹಿಡಿಯುವಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ದರು. ಯಾವಾಗ ಹೊರಡುತ್ತೀ ಎಂದು ಮಾತ್ರ ಕೇಳಲಿಲ್ಲ. ಅದನ್ನು ಅವರು ಕೇಳಲಾರರು ಎಂದು ಅವಳಿಗೆ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಅವಳು ಟೈಲರಮ್ಮನ ಮನೆಗೆ ದೊಡ್ಡ ರಸ್ತೆಯಿಂದಲೇ ಹೋದಳು. ಕನ್ನಡಕವನ್ನು ಅವರ ಕೈಗೆ ಕೊಡುವ ಮೊದಲೇ, ನಿಂತುಕೊಂಡೇ ಹೇಳಿದಳು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಮ್ಮ, ಗಾಜು ಅದಲು ಬದಲು ಮಾಡಿದ್ದು ನಾನು, ನಿನ್ನೆ ಸ್ಕ್ರೂ ಅಂದದ್ದು ಸುಳ್ಳು.

ಟೈಲರಮ್ಮ ಪರವಾಗಿಲ್ಲ ಬಿಡು ಎನ್ನುತ್ತಾರೆ ಎಂದು ಅವಳು ಕಾಯಲಿಲ್ಲವೆಂದರೆ ಸುಳ್ಳಾದೀತು. ಅವರು ಅನ್ನಲಿಲ್ಲ.

"ಗಾಜು ಅದಲು ಬದಲಾಗೋದು ಇರಲಿ," ಎಂದರು. "ನಿನ್ನೆ ನೀನು ಇಲ್ಲೇ ನಿಂತಿದ್ದೆ. ನನ್ನ ಕಾಲು ನೋಡ್ದೆ. ನೋಡಿಯೂ ಸ್ಕ್ರೂ ಅಂದ್ಯಲ್ಲ."

ಅವಳು ಕನ್ನಡಕವನ್ನು ಮುಂದೆ ಹಿಡಿದಳು. ಟೈಲರಮ್ಮ ಕನ್ನಡಕ ಹಾಕಿಕೊಂಡರು. ಕಿಟಕಿಯ ಕಡೆ ನೋಡಿದರು, ಮೆಟ್ಟಿಲಿನ ಕಡೆ ನೋಡಿದರು. ವಾಲಿದ್ದ ತಲೆ ತಾನಾಗಿ ನೆಟ್ಟಗಾಯಿತು. ಆಮೇಲೆ ಬಿಸ್ಕತ್ತಿನ ಡಬ್ಬಿಯ ದಾರ ಬಿಚ್ಚಿ ಸೂಜಿ ತೆಗೆದು ನೂಲು ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು. ನೂಲು ಎಳೆದು ತೆಗೆದು ಮತ್ತೆ ಪೋಣಿಸಿದರು. ಮತ್ತೆ ತೆಗೆದರು. ಮೂರನೆಯ ಸಲ ಪೋಣಿಸಿದ ಸೂಜಿಯನ್ನು ಹಿಡಿದುಕೊಂಡೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಆರು ವಾರ ರೇಡಿಯೋ ಕೇಳ್ಕೊಂಡು ಕೂತಿದ್ದೆ," ಎಂದರು. ಬಯ್ಯುವ ದನಿಯಲ್ಲ. ಅದೇ ಹೆಚ್ಚು ಚುಚ್ಚಿತು. "ಶಾಲೆಯವರಿಗೆ ಏನು ಹೇಳಲಿ ಈಗ? ಮೆಷಿನ್ ಬರುತ್ತೆ ಅಂತ ಮಕ್ಕಳು ಮೇಜು ಜೋಡಿಸಿ ಇಟ್ಟಿದ್ದಾವಂತೆ."

"ನಾನು ಹೋಗಿ ಹೇಳ್ತೀನಿ ಅಮ್ಮ. ನನ್ನ ತಪ್ಪು ಅಂತಲೇ ಹೇಳ್ತೀನಿ."

"ಹೇಳು. ಅಂಚೆಯವರಿಗೂ ಹೇಳು, ಜಾಕೆಟ್ ವಾಪಸ್ ತರಲಿ. ಅದು ಫ್ಯಾಷನ್ ಅಲ್ಲ." ಮೆಷಿನಿನ ಚಾದರ ಎಳೆದು ಮಡಚುತ್ತಾ, ಬೆನ್ನು ಹಾಕಿಕೊಂಡೇ ಕೇಳಿದರು: "ಆ ಬಟ್ಟೆ ಯಾರದು? ನಿಮ್ಮಕ್ಕ ಜನ್ಮದಲ್ಲಿ ಆ ಬಣ್ಣ ಹಾಕಲ್ಲ."

ಬಟ್ಟೆಯ ಪೊಟ್ಟಣದ ತುದಿ ನಿನ್ನೆ ಸ್ವಲ್ಪ ಬಿಚ್ಚಿಕೊಂಡಿತ್ತೆಂದು ತೋರುತ್ತದೆ. ಕಣ್ಣು ಸರಿಯಿಲ್ಲದಾಗಲೂ ಟೈಲರಮ್ಮ ಬಣ್ಣ ಬಿಟ್ಟಿರಲಿಲ್ಲ. ಕೂದಲೆಳೆ ನನ್ನದು ಎಂದಳು. ಕೋಟಿಗೆ ಎಂದಳು. ದೊಡ್ಡ ನಗರದಿಂದ ಕರೆ ಬಂದದ್ದನ್ನೂ, ಅಲ್ಲಿನ ತಟ್ಟೆಯಿಂದಲೇ ಈ ಅನಾಹುತ ಆದದ್ದನ್ನೂ ಹೇಳಿದಳು.

"ಹೋಗೋಳು ತಾನೆ?"

ನಿನ್ನೆ ಯಜಮಾನರ ಮುಂದೆ ಅಷ್ಟು ಹಗುರವಾಗಿ ಬಂದಿದ್ದ ಇಲ್ಲ ಎಂಬ ಮಾತು ಈಗ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಿದರೆ ಈ ಕೋಣೆಯಲ್ಲಿ ಇನ್ನೊಂದು ಸ್ಕ್ರೂ ಬಿಗಿ ಮಾಡಿದ ಹಾಗೆ. ಆಮೇಲೆ ಇನ್ನಿಪ್ಪತ್ತು ವರ್ಷ ಈ ಬೀದಿಯಲ್ಲಿ ಒಳ್ಳೆಯವಳೆನಿಸಿಕೊಂಡು, ಒಳಗೊಳಗೆ ಎಲ್ಲರ ಮೇಲೂ ಸಿಡುಕುತ್ತಾ ಇರಬೇಕು.

"ಹೌದಮ್ಮ. ಹೋಗ್ತೀನಿ. ನನಗೆ ಹೋಗಬೇಕು," ಎಂದಳು. ಈ ಮಾತು ಹಗುರವಾಗಿ ಬರಲಿಲ್ಲ.

ಟೈಲರಮ್ಮ ಟೇಪು ತೆಗೆದುಕೊಂಡು ಹತ್ತಿರ ಬಂದರು. ಅವಳ ಅಳತೆ ಅವರಿಗೆ ಗೊತ್ತಿದ್ದದ್ದೇ. ಆದರೂ ಭುಜದಿಂದ ಭುಜಕ್ಕೆ, ಕತ್ತಿನಿಂದ ಸೊಂಟಕ್ಕೆ, ಕಣ್ಣು ತುಂಬ ಅಂಕಿ ನೋಡಿ ನೋಡಿ ಬರೆದುಕೊಂಡರು. ಬಟ್ಟೆ ತಂದುಕೊಡು ಎಂದರು ಅಷ್ಟೆ.

ಅವಳು ಶಾಲೆಗೆ ಹೋದಳು. ಹೊಲಿಗೆ ಕಲಿಸುವ ಟೀಚರಮ್ಮ ಎಲ್ಲ ಕೇಳಿ, ಹೇಳುವುದಕ್ಕೆ ನೀವೇ ಬಂದಿರಲ್ಲ ಎಂದು ಕುಡಿಯಲು ನೀರು ಕೊಟ್ಟರು. ಖಾಲಿ ಮೇಜನ್ನು ಮಕ್ಕಳು ಆಗಲೇ ಒರೆಸಿ ಕಿಟಕಿಯ ಹತ್ತಿರ ಇಟ್ಟಿದ್ದರು. ಆ ಮೇಜು ಅವಳ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ. ಅಂಚೆಯವರು ಮಾತ್ರ, ಜಾಕೆಟ್ ನನಗೆ ರೂಢಿಯಾಗಿದೆ, ಈಗ ಸರಿ ಮಾಡಿದರೆ ನಾನೇ ಸೊಟ್ಟವಾಗಬೇಕಾಗುತ್ತದೆ ಎಂದು ಒಂದು ದಿನ ಸತಾಯಿಸಿ ಕೊಟ್ಟರು.

ಶುಕ್ರವಾರ ಸಂಜೆ ಅವಳು ಉತ್ತರ ಬರೆದಳು. ಬರುತ್ತೇನೆ, ಆದರೆ ಎರಡು ತಿಂಗಳು ಬಿಟ್ಟು ಬರುತ್ತೇನೆ. ಇಲ್ಲಿ ನಾನು ಸೇರಿದಂದಿನಿಂದ ಹತ್ತೊಂಬತ್ತು ವರ್ಷದ ಚೀಟಿಗಳಿವೆ, ಪ್ರತಿಯೊಂದರ ಮೇಲೂ ಬಲ, ಎಡ ಎಂದು ಬರೆಯಬೇಕು, ಮುಂದೆ ಯಾರು ಬಂದು ಕೂತರೂ ಓದುವ ಹಾಗೆ. ಅಷ್ಟು ದಿನ ಕಾಯಲಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಿ. ಅಕ್ಕನಿಗೆ ಓದಿ ಹೇಳಿದಳು. ಅಕ್ಕ, ಅಕ್ಷರ ಸ್ವಲ್ಪ ದುಂಡಗೆ ಬರೆಯಬಾರದಾ ಎಂದಳು. ಆ ಸಂಜೆ ಒಲೆಯ ಮೇಲೆ ದೊಡ್ಡ ಪಾತ್ರೆಯಿತ್ತು. ಎರಡು ತಿಂಗಳು ಹಸಿದುಕೊಂಡಿರೋಕೆ ನನ್ನಿಂದಾಗಲ್ಲ ಎಂದಳು ಅಕ್ಕ.

ಶನಿವಾರ ಬೆಳಿಗ್ಗೆ ಕೋಟು ತಯಾರಾಗಿತ್ತು. ಟೈಲರಮ್ಮ ತಾವೇ ತೊಡಿಸಿ, ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ನಿಂತರು. ಒಳಮಗ್ಗುಲಿನಲ್ಲಿ ಎರಡು ಬೆರಳಷ್ಟು ಬಟ್ಟೆ ಬಿಟ್ಟಿದ್ದೇನೆ, ಅಲ್ಲಿ ಹೋಗಿ ದಪ್ಪಗಾದರೆ ಯಾರ ಹತ್ತಿರವಾದರೂ ಬಿಚ್ಚಿಸಿಕೋ ಎಂದರು. ಆಮೇಲೆ ಕೇಳಿದರು:

"ತೋಳು ನೆಟ್ಟಗಿದೆಯಾ ನೋಡು. ನಿಜ ಹೇಳು."

ಕೂದಲೆಳೆ ಕನ್ನಡಿಯಲ್ಲಿ ನೋಡಿದಳು. ಆರು ವಾರ ಸುಮ್ಮನಿದ್ದ ಕೈ ಹೊಲಿದ ಕೋಟು. ಬಟ್ಟೆಯ ಮೇಲೆಲ್ಲ ಎರಡು ದಿನದ ದುಡಿಮೆ ಕಾಣುತ್ತಿತ್ತು. ತುಂಬ ಚೆನ್ನಾಗಿದೆ ಅನ್ನುವುದು ಎಷ್ಟು ಸುಲಭ.

"ಎಡಗಡೆಯದು ಕೂದಲೆಳೆಯಷ್ಟು ಹಿಂದಕ್ಕೆ ಎಳೀತಿದೆ ಅಮ್ಮ."

ಟೈಲರಮ್ಮ ಹತ್ತಿರ ಬಂದು, ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಅವರ ತುಟಿಯ ಮೂಲೆ ಅಲುಗಿತು. ಗುರುವಾರದಿಂದ ಆ ಮುಖದ ಮೇಲೆ ಅವಳು ನಗು ಕಂಡಿರಲಿಲ್ಲ.

"ತೆಗಿ," ಎಂದರು. "ನೀನು ಕಾಗದ ಹಾಕಿ ಬಾ. ಬರೋದ್ರೊಳಗೆ ಬಿಚ್ಚಿ ಹಾಕಿರ್ತೀನಿ."

ಅವಳು ಹೋಗಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಮನಸ್ಸು ನಿರಾಳವಾಗಲಿಲ್ಲ. ಆಗಬೇಕಾಗಿಯೂ ಇಲ್ಲ ಎಂದುಕೊಂಡು ವಾಪಸು ಬಂದಳು. ಕಿಟಕಿಯ ಕೆಳಗೆ ಮೆಷಿನ್ ಓಡುತ್ತಿತ್ತು.

ತೋಳು ನೆಟ್ಟಗಾದ ಕೋಟನ್ನು ಅವಳು ಮಡಚಿ ಪೊಟ್ಟಣ ಕಟ್ಟಿಸಿಕೊಳ್ಳಲಿಲ್ಲ. ತೊಟ್ಟುಕೊಂಡೇ, ಸುಡುವ ಬಿಸಿಲಿನಲ್ಲಿ, ದೊಡ್ಡ ರಸ್ತೆಗೆ ಇಳಿದಳು. ಬ್ರೆಡ್ಡಿನ ಅಂಗಡಿಯವರು ಬಾಗಿಲಿಗೆ ಬಂದು ಈ ಸೆಕೆಯಲ್ಲಿ ಕೋಟೇನಮ್ಮ, ತಲೆ ಗಿಲೆ ಕೆಟ್ಟಿದೆಯೇ ಎಂದರು. ನಿಂತು ಹೇಳಿದಳು. ಗ್ರಂಥಾಲಯದವರು ಕೇಳಿದರು, ಅವರಿಗೂ ಹೇಳಿದಳು. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಹೇಳಿದ ಪ್ರತಿಯೊಬ್ಬರ ಮುಖವೂ ಒಂದು ಗಳಿಗೆ ಸಪ್ಪಗಾಗಿ, ಆಮೇಲೆ ಒಳ್ಳೆಯದಾಗಲಿ ಎನ್ನುತ್ತಿತ್ತು. ಆ ಒಂದು ಗಳಿಗೆಯನ್ನು ಅವಳು ಕಣ್ಣು ತಪ್ಪಿಸದೆ ನೋಡಿದಳು.

ಅಂಗಡಿಯ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅವಳನ್ನು ಮೇಲಿನಿಂದ ಕೆಳಗೆ ನೋಡಿ, ತೋಳು ಚೆನ್ನಾಗಿ ಕೂತಿದೆ ಎಂದರು. ಮೇಜಿನ ಮೇಲೆ ಮೊದಲ ವರ್ಷದ ಚೀಟಿಗಳ ಕಂತೆಯನ್ನು ಅವರೇ ಇಳಿಸಿಟ್ಟಿದ್ದರು. ಪಕ್ಕದಲ್ಲಿ ಚೂಪು ಮಾಡಿದ ಎರಡು ಪೆನ್ಸಿಲು. ಅವಳು ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ ಒಂದನ್ನು ಎತ್ತಿಕೊಂಡಳು. ಇನ್ನೊಂದನ್ನು ಅವರು ಎತ್ತಿಕೊಂಡರು.